ಕಡ್ಡಿಯ ಮೇಲೇ ಉಳಿದವು

ಆರ್ಕಾಟ್ ರಸ್ತೆ ಮುಗಿದು ಪೋರೂರು ಜಂಕ್ಷನ್ ಶುರುವಾಗುವಲ್ಲಿ ಬಸ್ಸಿಳಿದರೆ ಮೊದಲು ಮುಖಕ್ಕೆ ಬಡಿಯುವುದು ಧೂಳು, ಅದರ ಬೆನ್ನಿಗೇ ಮಲ್ಲಿಗೆ. ರಸ್ತೆ ನಡುವಿನ ದಪ್ಪ ದಪ್ಪ ಮೆಟ್ರೊ ಕಂಬಗಳ ನೆರಳಿನಲ್ಲಿ ಹೂವಿನ ಅಜ್ಜಿಯೊಬ್ಬರು ಮೊಳ ಹಾಕಿ ಮಾಲೆ ಕತ್ತರಿಸುತ್ತಿರುತ್ತಾರೆ. ಪಕ್ಕದ ತಳ್ಳುಗಾಡಿಯಲ್ಲಿ ಬಾಳೆಕಾಯಿ ಬಜ್ಜಿ ಎಣ್ಣೆಯಿಂದೆದ್ದು ಹಳೇ ಪೇಪರಿನ ಮೇಲೆ ಮೈ ಒರೆಸಿಕೊಳ್ಳುತ್ತದೆ. ಕುನ್ರತ್ತೂರಿನ ಕಡೆ ಹೊರಟ ಶೇರ್ ಆಟೊದವನು ಇನ್ನೊಬ್ಬನಿಗೆ ಜಾಗವಿದೆ ಎಂದು ಕೂಗುತ್ತಿದ್ದಾನೆ, ಒಳಗೆ ಕೂತವರ ಮುಖ ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಅಕ್ಟೋಬರ್ ಕೊನೆಯ ಸಂಜೆ. ಈಶಾನ್ಯ ಮಾರುತದ ಮೋಡ ಮೇಲೆ ಬಂದು ನಿಂತಿದೆ, ಇಳಿಯಲೋ ಬೇಡವೋ ಎಂಬ ಯೋಚನೆಯಲ್ಲಿರುವ ಹಾಗಿದೆ. ಅಂಗಿ ಬೆನ್ನಿಗೆ ಅಂಟಿದೆ. ಹೀಗೇ ಬನ್ನಿ, ಮೇಲ್ಸೇತುವೆಯನ್ನು ಬೆನ್ನಿಗೆ ಬಿಟ್ಟು, ಎಳನೀರಿನ ರಾಶಿ ದಾಟಿ, ಒಳರಸ್ತೆಗೆ ಹೊರಳೋಣ.

ಆ ಮೇಲ್ಸೇತುವೆಗೂ ಒಂದು ಕತೆಯಿದೆ. 2010ರಲ್ಲಿ ಕೆಲಸ ಹಿಡಿದದ್ದು ನಡುವೆ ವರ್ಷಗಟ್ಟಲೆ ನಿಂತುಹೋಗಿ, 2017ರ ಜೂನಿನಲ್ಲಿ ವಾಹನಗಳಿಗೆ ತೆರೆಯಿತು. ಅಷ್ಟೂ ಕಾಲ ಮೊಂಡು ಕಂಬಗಳ ಕೆಳಗೇ ಪೋರೂರಿನ ಜನ ಆಫೀಸಿಗೆ ಹೋಗಿಬಂದರು, ಅದರ ಮರೆಯಲ್ಲೇ ಮಳೆಗೆ ನಿಂತರು. ಅದು ಮುಗಿಯಿತು ಎನ್ನುವಷ್ಟರಲ್ಲಿ ಮೆಟ್ರೊ ಬಂತು. ಲೈಟ್‌ಹೌಸಿನಿಂದ ಪೂನಮಲ್ಲಿಯವರೆಗಿನ 26.1 ಕಿಲೋಮೀಟರ್ ಮಾರ್ಗ ಈ ಜಂಕ್ಷನ್ ಮೇಲೇ ಹಾಯುತ್ತದೆ. ಅರ್ಧಕ್ಕೆ ನಿಂತದ್ದನ್ನು ನೋಡುತ್ತ ಬದುಕುವುದು ಈ ಊರಿಗೆ ಹೊಸತೇನಲ್ಲ. ಬಹುಶಃ ಅದಕ್ಕೇ ನಮ್ಮ ಚಿಕ್ಕಮ್ಮ ಇಲ್ಲಿ ಇಷ್ಟು ಸಲೀಸಾಗಿ ಹೊಂದಿಕೊಂಡಿರುವುದು.

ಅವರ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ತೆರೆದರೆ ಯಾರದೋ ಮನೆಯ ಸಾಂಬಾರಿನ ಇಂಗಿನ ವಾಸನೆ. ಚಿಕ್ಕಮ್ಮ ಬಾಲ್ಕನಿಯಲ್ಲಿದ್ದಾರೆ. ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಕಾಲಿನ ಬಳಿ ಪೌಡರ್ ಡಬ್ಬಿ, ತೊಡೆಯ ಮೇಲೆ ಕಂದು ಬಣ್ಣದ ಉಲ್ಲನ್. ಚೆನ್ನೈಯ ಈ ಸೆಕೆಯಲ್ಲಿ ಉಲ್ಲನ್ನೇ ಎಂದು ಕೇಳಬೇಡಿ, ಬಂದವರೆಲ್ಲ ಕೇಳಿ ಆಗಿದೆ. ಬೆವರಿದ ಬೆರಳಿಗೆ ದಾರ ಜಾರುವುದಿಲ್ಲ, ಪ್ಲಾಸ್ಟಿಕ್ ಕಡ್ಡಿಯಂತೂ ಕಚ್ಚಿ ಹಿಡಿಯುತ್ತದೆ. ಅದಕ್ಕೇ ಅಲ್ಯೂಮಿನಿಯಂ ಕಡ್ಡಿ, ಅದಕ್ಕೇ ಆ ಪೌಡರ್. ನಾಲ್ಕು ಸಾಲಿಗೊಮ್ಮೆ ಅಂಗೈಗೆ ಒಂದು ಚಿಟಿಕೆ ಉದುರಿಸಿ ಉಜ್ಜಿಕೊಳ್ಳುತ್ತಾರೆ. ಹಾಗಾಗಿ ಅವರು ಹಾಕಿದ ಸ್ವೆಟರಿಗೆಲ್ಲ ತೊಡುವ ಮೊದಲೇ ಪೌಡರಿನ ಘಮ ಹತ್ತಿರುತ್ತದೆ.

ಕಡ್ಡಿಗೆ ಕಡ್ಡಿ ತಾಗುವ ಸಣ್ಣ ಸದ್ದಿಗೆ ಕಿವಿ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಕೆಳಗೆ ನೀರಿನ ಲಾರಿ ಪೀಂ ಪೀಂ ಎಂದು ಹಿಂದಕ್ಕೆ ಬರುತ್ತಿದೆ, ಎದುರು ಮನೆಯ ಟಿ.ವಿ.ಯಲ್ಲಿ ತಮಿಳು ಸೀರಿಯಲ್ಲಿನ ಅತ್ತೆ ಗದರುತ್ತಿದ್ದಾಳೆ, ಯಾವುದೋ ಕುಕ್ಕರ್ ಮೂರನೇ ಸೀಟಿಗೆ ಕಾಯುತ್ತಿದೆ. ಇವೆಲ್ಲದರ ಅಡಿಯಲ್ಲಿ ಸೀದಾ, ಸೀದಾ, ಉಲ್ಟಾ, ಉಲ್ಟಾ. ಎಡಗಡ್ಡಿಯ ಕುಣಿಕೆಗೆ ಬಲಗಡ್ಡಿಯ ಮೂತಿ ತೂರುತ್ತದೆ, ತೋರುಬೆರಳು ದಾರವನ್ನು ಒಂದು ಸುತ್ತು ಸುತ್ತುತ್ತದೆ, ಮೂತಿ ಅದನ್ನು ಕಚ್ಚಿಕೊಂಡು ಹಿಂದೆ ಬರುತ್ತದೆ, ಹಳೇ ಕುಣಿಕೆ ಜಾರಿ ಬೀಳುತ್ತದೆ. ಇಷ್ಟೇ. ತೀರ್ಥಹಳ್ಳಿಯ ಶಾಲೆಯಲ್ಲಿ ಹೊಲಿಗೆ ಟೀಚರ್ ಕಲಿಸಿದ್ದು ಇಷ್ಟೇ, ಆಮೇಲೆ ತಾವೇ ಟೀಚರಾಗಿ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ನಡುವೆ ಮಾಡಿದ್ದೂ ಇಷ್ಟೇ. ಆ ಕಾಲದಲ್ಲಿ ಮಲೆನಾಡಿನ ಚಳಿಗೆ ಮನೆಮನೆಯಲ್ಲೂ ಹೀಗೆ ಕಡ್ಡಿ ಆಡುತ್ತಿತ್ತು. ಅಮ್ಮಂದಿರು ಬಸ್ಸಿನಲ್ಲೂ ಹೆಣೆಯುತ್ತಿದ್ದರು, ಮದುವೆಮನೆಯ ಜಗಲಿಯಲ್ಲೂ ಹೆಣೆಯುತ್ತಿದ್ದರು. ಲುಧಿಯಾನದ ಮಿಲ್ಲಿನ ಸ್ವೆಟರನ್ನು ಬೈಲುಕುಪ್ಪೆ, ಮುಂಡಗೋಡುಗಳ ಟಿಬೆಟನ್ನರು ಚಳಿಗಾಲದಲ್ಲಿ ಊರೂರ ಫುಟ್‌ಪಾತಿಗೆ ತಂದು ಹರಡಿದ ಮೇಲೆ, ಅದೂ ಉಲ್ಲನ್ ಉಂಡೆಯ ದುಡ್ಡಿಗೇ ಸಿಗತೊಡಗಿದ ಮೇಲೆ, ಹೆಚ್ಚಿನವರ ಕಡ್ಡಿಗಳು ಟ್ರಂಕಿನ ತಳ ಸೇರಿದವು. ಚಿಕ್ಕಮ್ಮನವು ಸೇರಲಿಲ್ಲ. ಮಗನಿಗೆ ಇಲ್ಲಿನ ಐ.ಟಿ. ಪಾರ್ಕಿನಲ್ಲಿ ಕೆಲಸವಾಗಿ, ಮೊಮ್ಮಗನನ್ನು ನೋಡಿಕೊಳ್ಳಲು ಪೋರೂರಿಗೆ ಬರುವಾಗ ಉಪ್ಪಿನಕಾಯಿ ಭರಣಿಯ ಜೊತೆ ಅವೂ ಬಂದವು.

ಆದರೆ ಅವರು ಮುಗಿಸುವುದಿಲ್ಲ.

ದೀವಾನದ ಕೆಳಗೆ ಒಮ್ಮೆ ಬಗ್ಗಿ ನೋಡಿ. ಸಾಲಾಗಿ ಹಳದಿ ಬಟ್ಟೆಯ ಚೀಲಗಳು. ತಮಿಳುನಾಡಿನ ಮದುವೆಗಳಲ್ಲಿ ತಾಂಬೂಲ ಹಾಕಿ ಕೊಡುವ ಮಂಜಪ್ಪೈ. ಪ್ಲಾಸ್ಟಿಕ್ ಬಿಡಿಸಲು ಸರ್ಕಾರ 2021ರ ಡಿಸೆಂಬರಿನಲ್ಲಿ ‘ಮೀಂಡುಂ ಮಂಜಪ್ಪೈ’ ಎಂಬ ಯೋಜನೆಯನ್ನೇ ಶುರುಮಾಡಿದ ಮೇಲೆ ಮರ್ಯಾದೆ ಹೆಚ್ಚಾದ ಚೀಲಗಳು ಇವು. ಚಿಕ್ಕಮ್ಮನ ಮನೆಯಲ್ಲಿ ಒಂದೊಂದರಲ್ಲೂ ಒಂದೊಂದು ಅರೆಗೆಲಸ ಮಲಗಿದೆ. ಬಾಯಿ ಬಿಚ್ಚಿದರೆ ಬೇವಿನೆಲೆಯ ಒಣ ಕಹಿ ವಾಸನೆ. ಈಗಿನ ಉಲ್ಲನ್ ಬಹುಪಾಲು ಅಕ್ರಿಲಿಕ್, ಅದಕ್ಕೆ ಹುಳು ಮುಟ್ಟುವುದಿಲ್ಲ ಎಂದು ಸೊಸೆ ಎಷ್ಟು ಸಲ ಹೇಳಿದರೂ ಬೇವಿನೆಲೆ ಬದಲಾಗುತ್ತಲೇ ಇರುತ್ತದೆ.

ಮೊದಲ ಚೀಲದಲ್ಲಿ ತಿಳಿಹಳದಿಯ ಕೂಸಿನ ಸ್ವೆಟರು. ಅಂಗೈಯಗಲದ ಬೆನ್ನು, ಎರಡು ಮುಂಭಾಗ, ಒಂದು ತೋಳು. ಹುಟ್ಟುವ ಮಗು ಗಂಡೋ ಹೆಣ್ಣೋ ಗೊತ್ತಿಲ್ಲವೆಂದು ಹಳದಿ ಆರಿಸಿದ್ದು, ಗುಂಡಿ ಎಡಕ್ಕಿಡಬೇಕೋ ಬಲಕ್ಕಿಡಬೇಕೋ ಎಂಬಲ್ಲಿ ನಿಂತಿತು. ಮಗು ಹುಟ್ಟಿದ ಮೇಲೆ ಅದಕ್ಕೆ ಉತ್ತರವೇನೋ ಸಿಕ್ಕಿತು, ಆದರೆ ಹೆಣೆಯಲು ಪುರುಸೊತ್ತು ಸಿಗಲಿಲ್ಲ. ಆ ಮಗು ಈಗ ಕೆಳಗೆ ಸೈಕಲ್ ತುಳಿಯುತ್ತ ವಾಚ್‌ಮನ್ ಹತ್ತಿರ ಬೈಸಿಕೊಳ್ಳುತ್ತಿದ್ದಾನೆ.

ಎರಡನೆಯದರಲ್ಲಿ ಬೂದು ಬಣ್ಣದ ಕಾಲುಚೀಲ. ಒಂದೇ. ಹಿಮ್ಮಡಿ ಎಷ್ಟು ಚೆನ್ನಾಗಿ ತಿರುಗಿದೆ ನೋಡಿ, ಜೋಡಿ ಮಾತ್ರ ಇಲ್ಲ. ಇದು ಲೋಕಕ್ಕೆಲ್ಲ ಇರುವ ರೋಗ. ಒಂದು ಕಾಲುಚೀಲ ಮುಗಿಸಿ ಎರಡನೆಯದಕ್ಕೆ ಕೈ ಹಾಕಲಾಗದ ಸಂಕಟಕ್ಕೆ ಯುರೋಪು ಅಮೆರಿಕದ ಹೆಣೆಯುವವರು ತಮಾಷೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಸೆಕೆಯ ದೇಶದಲ್ಲಿ ಕಾಲುಚೀಲ ಯಾಕೆ ಎನ್ನುವವರಿಗೆ ನನ್ನ ಹತ್ತಿರ ಒಂದು ಉತ್ತರವಿದೆ. ಉಳಿದು ಬಂದಿರುವ ಅತಿ ಹಳೆಯ ಹೆಣೆದ ಕಾಲುಚೀಲಗಳು ಹಿಮದ ನಾಡಿನವಲ್ಲ, ಈಜಿಪ್ಟಿನವು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅಲ್ಲಿನ ಒಂದು ಕೆಂಪು ಜೋಡಿಯಿದೆ. ಕ್ರಿ.ಶ. 250ರಿಂದ 420ರ ನಡುವಿನದು, ಒಂದೇ ಸೂಜಿಯಲ್ಲಿ ಗಂಟುಗಂಟಾಗಿ ಮಾಡಿದ್ದು. ಚಪ್ಪಲಿಯ ಬಾರು ಕೂರಲೆಂದು ಹೆಬ್ಬೆರಳಿಗೆ ಬೇರೆ ಮನೆ. ಈಗಿನ ಹಾಗೆ ಎರಡು ಕಡ್ಡಿಯ ಹೆಣಿಗೆಯ ಅತ್ಯಂತ ಹಳೆಯ ಚೂರುಗಳೂ ಅದೇ ಈಜಿಪ್ಟಿನಲ್ಲೇ ಸಿಕ್ಕವು. ಹತ್ತಿಯ ದಾರ, ನೀಲಿ–ಬಿಳಿ ಚಿತ್ತಾರ, ಹೆಚ್ಚುಕಡಿಮೆ ಸಾವಿರ ವರ್ಷದ ಹಿಂದಿನವು. ಸೆಕೆಗೂ ಹೆಣಿಗೆಗೂ ಜಗಳವಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವರು ಹಿಡಿದುಕೊಂಡದ್ದು ಒಂದೇ ಮಾತನ್ನು. “ಅವರದ್ದು ಜೋಡಿ ಇದೆ ಅಂದ್ಯಲ್ಲ?”

ಮೂರನೆಯದು ಕ್ರೋಷಾ. ಬಿಳಿ ಹತ್ತಿ ದಾರದ ಚೌಕಗಳು, ನಡುವೆ ಒಂದೊಂದು ಹೂವು, ಒಂದರ ಮೇಲೊಂದು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ. ಟೇಬಲ್ ಕ್ಲಾತ್ ಆಗಬೇಕಾದವು. ಹೆಣೆಯುವ ಕೆಲಸ ಪೂರ್ತಿ ಮುಗಿದಿದೆ, ಜೋಡಿಸುವುದಷ್ಟೇ ಬಾಕಿ. ಹೊಲಿದು ಜೋಡಿಸುವುದೋ ಕೊಕ್ಕೆಯಲ್ಲೇ ಹೆಣೆದು ಜೋಡಿಸುವುದೋ ಎಂದು ಅವು ಕಾಯುತ್ತಿವೆ. ನಾಲ್ಕನೆಯದರಲ್ಲಿ ನೇರಳೆ ಶಾಲು. ಚಂದದ ಎಲೆ ಚಿತ್ತಾರ, ಆದರೆ ಎಲ್ಲಿ ನಿಲ್ಲಿಸಬೇಕು ಎಂಬುದು ಚಿತ್ತಾರದಲ್ಲೇ ಇಲ್ಲ. ಶಾಲಿಗೆ ಕೊನೆ ಎಂಬುದನ್ನು ಹೆಣೆಯುವವರೇ ಹೇಳಬೇಕು. ಹೇಳಿಲ್ಲ.

ಐದನೆಯದೇ ಈಗ ತೊಡೆಯ ಮೇಲಿರುವ ಕಂದು ಸ್ವೆಟರು. ಕೊಪ್ಪದಲ್ಲಿರುವ ನಮ್ಮ ಸೋದರಮಾವನಿಗೆ.

ಮೂರನೇ ಮಹಡಿಯ ಮಾಮಿ ಇಷ್ಟು ಹೊತ್ತಿಗೆ ಬಂದೇ ಬರುತ್ತಾರೆ, ಕೈಯಲ್ಲಿ ಸುಂಡಲ್ ಬಟ್ಟಲು, ಕಂಕುಳಲ್ಲಿ ಕ್ರೋಷಾ ಚೀಲ. ಒಳಗೆ ಕಾಲಿಡುವ ಮೊದಲೇ ಪ್ರಶ್ನೆ: “ಎನ್ನ ಟೀಚರ್, ಇನ್ನುಂ ಮುಡಿಯಲೆಯಾ?” ಮುಗಿದಿಲ್ಲವಾ ಎಂದು. ಚಿಕ್ಕಮ್ಮ ತಲೆಯೆತ್ತದೆ ಕನ್ನಡದಲ್ಲೇ ಉತ್ತರಿಸುತ್ತಾರೆ. “ಅದಕ್ಕೇನು ಅವಸರ? ಅನ್ನ ಅಲ್ಲವಲ್ಲ, ರಾತ್ರಿಗೆ ಹಳಸೋಕೆ.” ಮಾಮಿಗೆ ಪದಗಳೆಲ್ಲ ಅರ್ಥವಾಗದಿದ್ದರೂ ಉತ್ತರ ಅರ್ಥವಾಗುತ್ತದೆ. ಇಬ್ಬರೂ ನಗುತ್ತಾರೆ. ಕಾಯಿತುರಿ, ಒಗ್ಗರಣೆ ಮೆಣಸಿನಕಾಯಿಯ ವಾಸನೆ ಬಾಲ್ಕನಿ ತುಂಬುತ್ತದೆ, ಆ ಹೊತ್ತಿಗೆ ಕಡ್ಡಿಗಳು ಪಕ್ಕಕ್ಕೆ ಸರಿಯುತ್ತವೆ.

ಮಾಮಿ ಹಿಡಿದದ್ದನ್ನು ಮುಗಿಸುವ ಪೈಕಿ. ಅವರ ಬಾಯಲ್ಲಿ ಮತ್ತೆ ಮತ್ತೆ ಬರುವುದು ಚೆನ್ನೈಯ ದೊಡ್ಡ ಹೊದಿಕೆಯ ಕತೆ. ಇಲ್ಲಿಯ ಸುಬಶ್ರೀ ನಟರಾಜನ್ ಕಟ್ಟಿದ ‘ಮದರ್ ಇಂಡಿಯಾಸ್ ಕ್ರೋಷೆ ಕ್ವೀನ್ಸ್’ ಬಳಗದ ಹೆಂಗಸರು ತಂತಮ್ಮ ಮನೆಯಲ್ಲಿ ಕೂತು ತುಂಡು ತುಂಡಾಗಿ ಹೆಣೆದದ್ದನ್ನೆಲ್ಲ ಒಂದು ಕಡೆ ತಂದು ಜೋಡಿಸಿದರು. 2016ರ ಜನವರಿ 31ರಂದು ಚೆನ್ನೈಯಲ್ಲಿ ಹರಡಿದಾಗ ಅದರ ಅಳತೆ 11,148.5 ಚದರ ಮೀಟರ್, ಅಂದರೆ ಎರಡೂಮುಕ್ಕಾಲು ಎಕರೆ. ಜಗತ್ತಿನ ಅತಿ ದೊಡ್ಡ ಕ್ರೋಷಾ ಹೊದಿಕೆ ಎಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಅದೇ ಬಳಗ 14 ಕಿಲೋಮೀಟರಿಗೂ ಉದ್ದದ ಸ್ಕಾರ್ಫ್ ಮಾಡಿತು. ಉಲ್ಲನ್ ಹೊದೆಯುವ ಚಳಿಯೇ ಬೀಳದ ಊರಿನಿಂದ ಇಂಥ ದಾಖಲೆ ಹೊರಟದ್ದು ನನಗಂತೂ ಬಹಳ ಖುಷಿ ಕೊಡುವ ವಿಚಾರ. ಮಾಮಿಗೆ ಇದರಲ್ಲಿ ಕಾಣುವುದು ಬೇರೆಯೇ ಪಾಠ. ತಾರೀಖು ಗೊತ್ತಿತ್ತು, ಚೌಕದ ಅಳತೆ ಗೊತ್ತಿತ್ತು, ಇಂಥವರಿಗೆ ತಲುಪಿಸಬೇಕೆಂದು ಗೊತ್ತಿತ್ತು, ಅದಕ್ಕೇ ಆಯಿತು ಎನ್ನುತ್ತಾರೆ. ನಿನಗೆ ತಾರೀಖೇ ಇಲ್ಲವಲ್ಲ ಟೀಚರ್ ಎಂಬುದು ಅದರ ಬಾಲ.

ಮಾಮಿಯ ಮಾತು ಅರ್ಧ ಸರಿ. ಚಿಕ್ಕಮ್ಮನದು ಸೋಮಾರಿತನ ಎನ್ನುವ ಹಾಗಿಲ್ಲ, ಅವರ ಕೈ ಒಂದು ದಿನವೂ ಸುಮ್ಮನೆ ಕೂತದ್ದಿಲ್ಲ. ನಿಧಾನ ಎಂದರೆ ಎಷ್ಟು ನಿಧಾನ? ಲೆಕ್ಕ ಹಾಕೋಣ. 8ನೇ ನಂಬರ್ ಕಡ್ಡಿ ಎಂದರೆ 4 ಮಿಲಿಮೀಟರ್ ದಪ್ಪದ್ದು. ನಮ್ಮಲ್ಲಿನ್ನೂ ಹಳೇ ಇಂಗ್ಲಿಷ್ ಅಳತೆಯೇ ನಡೆಯುವುದರಿಂದ ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳ್ಳಗೆ. ಅದರಲ್ಲಿ ಮಧ್ಯಮ ದಪ್ಪದ ಉಲ್ಲನ್ ಹೆಣೆದರೆ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 22 ಕುಣಿಕೆ, ಅಷ್ಟೇ ಎತ್ತರಕ್ಕೆ 30 ಸಾಲು. 100 ಸೆಂಟಿಮೀಟರ್ ಎದೆಯ ಗಂಡಸಿಗೆ ಸುತ್ತಳತೆ 220 ಕುಣಿಕೆ. ಉದ್ದ, ತೋಳು ಎಲ್ಲ ಸೇರಿದರೆ ಒಂದು ಸ್ವೆಟರಿಗೆ 60,000 ಕುಣಿಕೆಯ ಆಸುಪಾಸು. ನಿಮಿಷಕ್ಕೆ 25 ಹಾಕಿದರೂ 40 ಗಂಟೆ. ನೆದರ್ಲೆಂಡ್ಸಿನ ಮಿರಿಯಂ ಟೆಗೆಲ್ಸ್ 2006ರಲ್ಲಿ ಒಂದೇ ನಿಮಿಷಕ್ಕೆ 118 ಕುಣಿಕೆ ಹಾಕಿ ದಾಖಲೆ ಮಾಡಿದರು. ಆ ವೇಗ ಉಳಿದರೆ ಬೆಳಗಿನ ಕಾಫಿಗೆ ಶುರುಮಾಡಿದ್ದು ಸಂಜೆಯ ಕಾಫಿಗೆ ತೊಟ್ಟುಕೊಳ್ಳಬಹುದು. ನಮ್ಮ ಟೀಚರಿಗೆ ದಿನಕ್ಕೊಂದು ಗಂಟೆಯಾದರೆ ಒಂದೂಕಾಲು ತಿಂಗಳು ಸಾಕು. ಕಂದು ಸ್ವೆಟರಿಗೆ ಇದು ಮೂರನೆಯ ಚಳಿಗಾಲ.

ಹಾಗಾದರೆ ಉಳಿದ ಸಮಯವೆಲ್ಲ ಎಲ್ಲಿಗೆ ಹೋಯಿತು? ಆ ಐದು ಚೀಲಗಳನ್ನೂ ಮತ್ತೊಮ್ಮೆ ನೆನೆಯಿರಿ. ಒಂದೂ ನಡುಸಾಲಿನಲ್ಲಿ ನಿಂತಿಲ್ಲ. ಒಂಟಿ ಕಾಲುಚೀಲವನ್ನು ಬಿಟ್ಟರೆ, ಎಣಿಸುವ ಕೆಲಸ ಇರುವ ತನಕ ಎಲ್ಲವೂ ಓಡಿವೆ. ಎಡವೋ ಬಲವೋ, ಹೊಲಿಗೆಯೋ ಕೊಕ್ಕೆಯೋ, ಇಲ್ಲಿಗೆ ಸಾಕೋ ಇನ್ನೊಂದು ಗೇಣು ಬೇಕೋ ಎಂದು ಆರಿಸಬೇಕಾದ ಜಾಗ ಬಂದ ಕೂಡಲೇ ಕಡ್ಡಿಗೆ ರಬ್ಬರ್ ಬ್ಯಾಂಡ್ ಬಿದ್ದಿದೆ. ಕೈ ಹಿಂಜರಿದಿಲ್ಲ, ತಲೆ ಹಿಂಜರಿದಿದೆ. ಹೆಣಿಗೆಯಲ್ಲಿ ತಪ್ಪು ಆರಿಸಿದರೆ ಬಿಚ್ಚಬಹುದು, ಕತ್ತರಿಯ ಕೆಲಸದ ಹಾಗೆ ಬಟ್ಟೆ ಹಾಳಾಗುವುದಿಲ್ಲ. ಇದು ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ. ನನಗೇಕೋ ಇದೇ ಗಂಡಾಂತರ ಅನ್ನಿಸುತ್ತದೆ. ಬಿಚ್ಚಬಹುದಾದದ್ದನ್ನು ಎಷ್ಟು ದಿನ ಬೇಕಾದರೂ ಮುಂದೂಡಬಹುದು. ಹೊಸದೊಂದು ಉಂಡೆಗೆ ಅಂಥ ಗೋಜಿಲ್ಲ. ಮೊದಲ ಸಾಲಿನಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಹಾಗಾಗಿ ಮನಸ್ಸು ಅತ್ತ ಹೊರಳುತ್ತದೆ. ಒಂದನ್ನು ಮುಗಿಸಿಯೇ ಇನ್ನೊಂದು ಶುರುಮಾಡಿ ಎಂಬ ಬುದ್ಧಿವಾದ ಹೇಳುವವರು ಬಹುಶಃ ಸೌಕಾರ್‌ಪೇಟೆಯ ನೂಲಂಗಡಿಯಲ್ಲಿ ಬಣ್ಣಬಣ್ಣದ ಲಡಿಗಳ ಗೋಡೆಯ ಮುಂದೆ ನಿಂತವರಲ್ಲ.

ಮಳೆ ಕೊನೆಗೂ ಇಳಿಯಿತು. ದಪ್ಪ ಹನಿ, ಮೊದಲು ತಗಡಿನ ಶೀಟಿನ ಮೇಲೆ, ಆಮೇಲೆ ಬಾದಾಮಿ ಮರದ ಮೇಲೆ. ಕಾದ ಸಿಮೆಂಟಿನಿಂದ ಒಂದು ಬಿಸಿಯುಸಿರು ಎದ್ದು ತಣ್ಣಗಾಯಿತು. ಕಟ್ಟಡಗಳ ಸಂದಿಯಲ್ಲಿ ಕಾಣುತ್ತಿದ್ದ ಪೋರೂರು ಕೆರೆಯ ನೀರಿನ ತುಂಡು ಬೂದು ಬಣ್ಣವಾಗಿ ಆಕಾಶಕ್ಕೆ ಸೇರಿತು. ಮೊಮ್ಮಗ ಸೈಕಲ್ಲನ್ನು ಮೆಟ್ಟಿಲ ಕೆಳಗೆ ತಳ್ಳಿ ಒದ್ದೆ ಕಾಲಲ್ಲಿ ಬಂದು ಸುಂಡಲಿಗೆ ಕೈ ಹಾಕಿದ. ಡಿಸೆಂಬರ್ ಬಂದರೂ ಇಲ್ಲಿ ರಾತ್ರಿಯ ತಾಪಮಾನ ಸಾಮಾನ್ಯವಾಗಿ 20 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಆದರೂ ಮಾರ್ಗಳಿಯ ಮುಂಜಾವದಲ್ಲಿ ರಾಮನಾಥೇಶ್ವರನ ಗುಡಿಗೆ ಹೊರಟ ಪೋರೂರಿನ ತಾತಂದಿರು ಕಿವಿ ಮುಚ್ಚುವ ಮಂಕಿ ಕ್ಯಾಪಿನಲ್ಲಿರುತ್ತಾರೆ. ಚಳಿ ಎಂಬುದು ಥರ್ಮಾಮೀಟರಿಗೆ ಒಂದು, ತಾತನಿಗೆ ಇನ್ನೊಂದು.

ಕಂದು ಸ್ವೆಟರಿನ ಕಷ್ಟ ಏನೆಂದು ಮಾಮಿ ಇವತ್ತು ಪಟ್ಟು ಹಿಡಿದು ಕೇಳಿದರು. ಚಿಕ್ಕಮ್ಮ ಚೀಲದಿಂದ ಎಲ್ಲ ತೆಗೆದು ದೀವಾನದ ಮೇಲೆ ಹರಡಿದರು. ಮುಂಭಾಗ ಆಗಿದೆ, ಹಿಂಭಾಗ ಆಗಿದೆ, ಒಂದು ತೋಳು ಪೂರ್ತಿ, ಇನ್ನೊಂದು ಮೊಣಕೈವರೆಗೆ. ಅಷ್ಟರಲ್ಲಿ ಉಲ್ಲನ್ ಮುಗಿಯುತ್ತ ಬಂತು. ಅದೇ ಶೇಡ್ ನಂಬರ್ ಹೇಳಿ ತರಿಸಿದರೆ ಬಂದದ್ದು ಬೇರೆ ಲಾಟು. ಪಟ್ಟಿಯ ಮೇಲಿನ ಶೇಡ್ ಒಂದೇ ಇದ್ದರೂ ಬಣ್ಣದ ಕಡಾಯಿ ಬದಲಾದರೆ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ಉಂಡೆಯಲ್ಲಿ ಕಾಣದ ಈ ವ್ಯತ್ಯಾಸ ಹೆಣೆದ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಇದೊಂದು. ಇನ್ನೊಂದು, ಈ ನಡುವೆ ನಮ್ಮ ಮಾವ ದಪ್ಪಗಾಗಿದ್ದಾರೆ. ಯುಗಾದಿಯ ಫೋಟೋ ನೋಡಿ ಚಿಕ್ಕಮ್ಮನಿಗೆ ಖಾತ್ರಿಯಾಗಿದೆ. 100 ಸೆಂಟಿಮೀಟರಿನ ಸ್ವೆಟರು ಈಗ ಆ ಎದೆಗೆ ಹತ್ತುವುದಿಲ್ಲ. ಪೂರ್ತಿ ಬಿಚ್ಚಿ ಮೊದಲಿನಿಂದ ಹಾಕಬೇಕೋ, ಸಣ್ಣ ದೇಹದ ಯಾರಿಗಾದರೂ ಕೊಡಬೇಕೋ?

ಮಾಮಿ ಎರಡು ಉಂಡೆಗಳನ್ನೂ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದರು. ಆಮೇಲೆ ಬಾಲ್ಕನಿಯ ಮಳೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮುಂಭಾಗ ಹಿಂಭಾಗಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಮೂರು ಬೆರಳಗಲ ಜಾಗ ಬಿಟ್ಟು, ಅಲ್ಲಿ ಹೊಸ ಲಾಟಿನ ದಾರವನ್ನು ಉದ್ದಕ್ಕೆ ಎಳೆದಿಟ್ಟರು. ತಮಿಳಿನಲ್ಲಿ ಹೆಚ್ಚೇನೂ ಹೇಳಲಿಲ್ಲ. ಕಂಕುಳ ಕೆಳಗೆ ಎರಡೂ ಬದಿಗೆ ಹೊಸ ಬಣ್ಣದ ಪಟ್ಟಿ. ಎರಡು ತೋಳಿಗೂ ಅದೇ ಬಣ್ಣದ ಮುಂಗೈ, ಮುಗಿದ ತೋಳಿನದನ್ನೂ ಬಿಚ್ಚಿ. ಕೊರಳಿಗೂ ಅದೇ. ಬಣ್ಣದ ವ್ಯತ್ಯಾಸ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ, ಎದೆಯೂ ಹಿಗ್ಗುತ್ತದೆ. ಬಿಚ್ಚಿದ ಮುಂಗೈಯ ಹಳೇ ದಾರ ಅರೆಬರೆ ತೋಳಿಗೆ ಒದಗುತ್ತದೆ.

ಚಿಕ್ಕಮ್ಮ ಗೋಡೆಯ ದಿನಕ್ಕೊಂದು ಹಾಳೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿದು, ರಾಹುಕಾಲ ಅಚ್ಚಾದ ಬದಿಯನ್ನು ಕೆಳಗೆ ಮಾಡಿ, ಪೆನ್ಸಿಲ್ ತೆಗೆದುಕೊಂಡರು. 5 ಸೆಂಟಿಮೀಟರ್ ಪಟ್ಟಿಗೆ 11 ಕುಣಿಕೆ. ಕಂಕುಳವರೆಗೆ 40 ಸೆಂಟಿಮೀಟರ್, ಅಂದರೆ 120 ಸಾಲು. ಎರಡೂ ಬದಿ ಸೇರಿ 2,640. ನಿಮಿಷಕ್ಕೆ 25ರ ಲೆಕ್ಕದಲ್ಲಿ ಪಟ್ಟಿಗಳದ್ದು ಎರಡು ಗಂಟೆಯೂ ಹಿಡಿಯದ ಕೆಲಸ. ಅದನ್ನು ನೋಡಿ ಅವರು ಏನೂ ಅನ್ನಲಿಲ್ಲ, ಮಾಮಿಯೂ ಬಾಯಿಬಿಡಲಿಲ್ಲ. ಮೊಮ್ಮಗನೇ “ಅಷ್ಟೇನಾ ಅಜ್ಜಿ?” ಎಂದ.

ಸೊಸೆ ಆಫೀಸಿನಿಂದ ನೆನೆದುಕೊಂಡು ಬಂದು, ಜಂಕ್ಷನ್‌ನಲ್ಲಿ ಮೊಣಕಾಲುದ್ದ ನೀರು ಎನ್ನುತ್ತ ಛತ್ರಿಯನ್ನು ಬಚ್ಚಲಿಗೆ ಒಯ್ದಳು. ಚಿಕ್ಕಮ್ಮ ಹೊಸ ಉಂಡೆಯ ತುದಿ ಹುಡುಕುತ್ತ ನನ್ನ ಕಡೆ ತಿರುಗಿದರು.

“ಕೊಪ್ಪಕ್ಕೆ ಈಗಲೇ ಫೋನ್ ಹಚ್ಚು. ಎದೆ ಅಳತೆ ಮಾತ್ರ ಅವನನ್ನ ಕೇಳ್ಬೇಡ ಕಣೋ, ಸುಳ್ಳು ಹೇಳ್ತಾನೆ. ನಿಮ್ಮತ್ತೆಗೆ ಟೇಪ್ ಹಿಡಿಯೋಕೆ ಹೇಳು.”